ಬಟನ್ ಫ್ಯಾಕ್ಟರಿಯ ಹಿಂಬಾಗಿಲು

"ಮೊದಲು ಬೆಂಕಿ. ಊರಿನ ಅಭಿವೃದ್ಧಿ ಆಮೇಲೆ," ಎಂದರು ಮಾಜಿ. ಹೀಗೆ ಹೇಳುತ್ತಿದ್ದುದು ಇದು ನಾಲ್ಕನೇ ಸಲ.

ಲಾಕಪ್ಪಿನ ಕಂಬಿಯ ಆಚೆ ಕಾಲು ಮಡಿಸಿ ಕೂತಿದ್ದ ಭಾವಮೈದ ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂತವನ ಹಾಗೆ ಕೈ ಬೀಸಿದ.

"ನಾನೂ ಅದನ್ನೇ ಹೇಳ್ತಿರೋದು ಭಾವ. ಬೆಂಕಿ ಬಿದ್ದಿದ್ದು ಎಲ್ಲಿಗೆ? ಬಟನ್ ಫ್ಯಾಕ್ಟರಿಗೆ. ಅದು ಯಾಕೆ ಹನ್ನೊಂದು ವರ್ಷದಿಂದ ಖಾಲಿ ಬಿದ್ದಿತ್ತು? ಹೊರಗಿನ ಕಂಪನಿ ಬರುತ್ತೆ, ಬರುತ್ತೆ ಅಂತ ಬಾಯಿ ಬಿಟ್ಕೊಂಡು ಕಾದ್ವಿ. ಬಂತಾ? ಚುನಾವಣೆಗೆ ನಿಂತಿರೋ ನಮ್ಮ ಮೆಷಿನಮ್ಮ ಏನು ಹೇಳ್ತಾರೆ ಅಂದ್ರೆ..."

"ಮೆಷಿನಮ್ಮ ಏನು ಹೇಳ್ತಾರೆ ಅಂತ ನಾನು ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ನೀನು ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳಿದೆ."

"ಮನೇಲಿ ಮಲಗಿದ್ದೆ."

"ನಿನ್ನ ಮನೆಗೆ ಬೀಗ ಹಾಕಿತ್ತು ಅಂತಾರೆ ಪಕ್ಕದ ಮನೆಯವರು."

"ಬೀಗದವನ ಮನೆಗೆ ಬೀಗ ಇಲ್ಲದೆ ಇನ್ನೇನಿರುತ್ತೆ ಭಾವ?"

ಮಾಜಿ ಕಣ್ಣು ಮುಚ್ಚಿಕೊಂಡು ಒಂದು ಸಲ ಜೋರಾಗಿ ಉಸಿರು ಬಿಟ್ಟರು. ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತರಾದವರು ಅವರು. ಊರಿನವರು ಅವರನ್ನು ಎದುರಿಗೂ ಬೆನ್ನ ಹಿಂದೆಯೂ ಮಾಜಿ ಎಂದೇ ಕರೆಯುತ್ತಿದ್ದರು. ಅಳುವ ಆರೋಪಿಗಳನ್ನು ಕಂಡಿದ್ದರು, ಬಾಯಿ ಬಿಡದವರನ್ನು ಕಂಡಿದ್ದರು. ಕಂಬಿಯೊಳಗೆ ಕೂತು ಚುನಾವಣೆಯ ಭಾಷಣ ಬಿಗಿಯುವವನನ್ನು ಕಂಡಿದ್ದು ಇದೇ ಮೊದಲು. ಅದೂ ಯಾರು, ಕಟ್ಟಿಕೊಂಡ ಹೆಂಡತಿಯ ಒಡಹುಟ್ಟಿದ ತಮ್ಮ. ಗ್ರಹಚಾರ ಅಂದರೆ ಇದೇ.

ಭಾನುವಾರ ನಾಲ್ಕು ಗಂಟೆಗೆ ಹಳೆಯ ಬಟನ್ ಫ್ಯಾಕ್ಟರಿಗೆ ಬೆಂಕಿ ಬಿದ್ದು, ಅಲ್ಲಿನ ಕಾವಲುಗಾರ ಹೊಗೆ ಕುಡಿದು ಆಸ್ಪತ್ರೆ ಸೇರಿದ್ದ. ಹಿಂಬಾಗಿಲ ಬೀಗವನ್ನು ಯಾರೂ ಒಡೆದಿರಲಿಲ್ಲ, ಕೀಲಿ ಹಾಕಿಯೇ ತೆಗೆದಿದ್ದರು. ಆ ಬೀಗ ಹಾಕಿಕೊಟ್ಟಿದ್ದವನು, ಅದರ ಕೀಲಿ ಮಾಡಬಲ್ಲವನು, ಊರಿಗೆಲ್ಲ ಒಬ್ಬನೇ. ಆ ಒಬ್ಬನನ್ನು ನಿನ್ನೆ ಸಂಜೆ ಎಳೆದು ತಂದಿದ್ದರು.

ಇವತ್ತು ನಾಲ್ಕು ಗಂಟೆಗೆ ಅವನನ್ನು ಕೋರ್ಟಿಗೆ ಒಯ್ಯಲು ಜೀಪು ಹೊರಡುತ್ತದೆ. ಒಮ್ಮೆ ಹೊರಟಿತೋ, ಆಮೇಲೆ ಅವನನ್ನು ಬಿಡಿಸುವುದು ಮಾಜಿಯ ಕೈಯಲ್ಲೂ ಇಲ್ಲ, ಅವರಪ್ಪನ ಕೈಯಲ್ಲೂ ಇಲ್ಲ. ಗೋಡೆಯ ಗಡಿಯಾರ ಒಂದು ಇಪ್ಪತ್ತು ತೋರಿಸುತ್ತಿತ್ತು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆಳಗಿನಿಂದ ಏಳನೇ ಸಲ.

"ರೀ, ಏನಾಯ್ತು?"

"ನಿನ್ನ ತಮ್ಮ ನನಗೆ ಅರ್ಥಶಾಸ್ತ್ರದ ಪಾಠ ಮಾಡ್ತಿದ್ದಾನೆ. ಮುಗಿದ ಮೇಲೆ ಹೇಳ್ತೀನಿ."

"ಅವನು ಊಟ ಮಾಡಿದ್ನಾ?"

"ನಾನು ಮಾಡಿಲ್ಲ. ಅದನ್ನ ಕೇಳು."

"ನೀವು ಮೂವತ್ತು ವರ್ಷ ಕಂಡೋರ ಮಕ್ಕಳನ್ನೆಲ್ಲಾ ಬಿಡಿಸಿದ್ರಿ. ನನ್ನ ತಮ್ಮನ ವಿಷಯಕ್ಕೆ ಮಾತ್ರ ನಿಮ್ಮ ಕೈಲಾಗಲ್ಲ. ಬಿಡಿ, ಊಟ ನಾನೇ ತರ್ತೀನಿ," ಎಂದು ಹೆಂಡತಿ ಫೋನು ಇಟ್ಟಳು. ಮಾಜಿಗೆ ಮೈಯೆಲ್ಲ ಉರಿಯಿತು. ಬಿಡಿಸಬೇಕು ಅಂದರೆ ಆ ಮಹಾನುಭಾವ ಒಂದು ನಿಜ ಹೇಳಬೇಕಲ್ಲ.

ಇನ್‌ಸ್ಪೆಕ್ಟರ್ ತನ್ನ ಮೇಜಿನಿಂದ ಎದ್ದು ಬಂದ. ಒಂದು ಕಾಲದಲ್ಲಿ ಮಾಜಿಯ ಕೈ ಕೆಳಗೆ ಕೆಲಸ ಕಲಿತವನು. ಆ ಋಣಕ್ಕೇ ಇಷ್ಟು ಹೊತ್ತು ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿ ಕೊಟ್ಟಿದ್ದ.

"ಏನಾದ್ರೂ ಹೇಳಿದ್ರಾ ಸಾರ್?"

"ಹೇಳಿದ. ಹೊರಗಿನ ಕಂಪನಿ ಬರಲ್ವಂತೆ."

"ನನಗೂ ಬೆಳಗ್ಗೆಯಿಂದ ಅದನ್ನೇ ಹೇಳಿದ್ರು ಸಾರ್. ಒಂದು ಮಾತಿದೆ, ಇಲ್ಲಿ ಬನ್ನಿ." ಅವನು ಮಾಜಿಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಆಸ್ಪತ್ರೆಯಿಂದ ಫೋನ್ ಬಂದಿತ್ತು. ಕಾವಲುಗಾರನ ಸ್ಥಿತಿ ಚೆನ್ನಾಗಿಲ್ಲ. ಇವತ್ತು ದಾಟಿದ್ರೆ ದೊಡ್ಡದು ಅಂದ್ರು. ಹೆಚ್ಚುಕಮ್ಮಿ ಆದ್ರೆ ಇದು ಬರೀ ಬೆಂಕಿ ಕೇಸ್ ಆಗಿ ಉಳಿಯಲ್ಲ ಸಾರ್."

ಮಾಜಿ ಕಂಬಿಯ ಕಡೆ ತಿರುಗಿದರು. ಕಂಬಿಯಾಚೆ ಭಾವಮೈದ ಕಾನ್‌ಸ್ಟೇಬಲ್ ಒಬ್ಬನಿಗೆ ಮಾರ್ಕೆಟ್ಟಿನ ಮೇಲುಮಹಡಿಗಳು ಯಾಕೆ ಖಾಲಿ ಇವೆ ಎಂದು ವಿವರಿಸುತ್ತಿದ್ದ. ಬೈಯುವುದಕ್ಕೆ ಲಾಯಕ್ಕಾದ ಮನುಷ್ಯ, ನಿಜ. ಆದರೆ ಕೊಲೆ ಮಾಡುವ ಮನುಷ್ಯ ಅಲ್ಲ.

"ಆ ಬೀಗ ಒಮ್ಮೆ ಕೊಡಪ್ಪ."

ಬೀಗ ಪ್ಲಾಸ್ಟಿಕ್ ಕವರಿನೊಳಗಿತ್ತು. ಅಂಗೈ ಅಗಲದ ಹಿತ್ತಾಳೆಯ ಬೀಗ. ಜೊತೆಗಿಟ್ಟಿದ್ದ ಚೀಟಿ ಒಂದು ಮೂಲೆಯಲ್ಲಿ ನೆನೆದು, ಆಚೆ ಬದಿಯ ಬರಹ ಈಚೆಗೆ ಕಾಣುತ್ತಿತ್ತು. ಮಾಜಿ ಕವರಿನ ಬಾಯಿ ತೆರೆದು ಮೂಗಿಗೆ ಹಿಡಿದರು. ಸೀಮೆಎಣ್ಣೆ ಅಲ್ಲ, ಗ್ರೀಸ್ ಅಲ್ಲ. ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಾಗ ಬರುವ ತೆಳು ವಾಸನೆ.

ಅವರು ಕವರನ್ನು ಕಂಬಿಯ ಮುಂದೆ ಹಿಡಿದರು.

"ಇದಕ್ಕೆ ಎಣ್ಣೆ ಹಾಕಿದವನು ನೀನೇನಾ?"

ಭಾವಮೈದ ಎದ್ದು ಬಂದ. ಮೂಸಿ ನೋಡಿದ. ಮುಖ ಕೆಂಪಾಯಿತು.

"ಯಾವ ಬೃಹಸ್ಪತಿ ಹಾಕಿದ್ದು ಇದಕ್ಕೆ ಎಣ್ಣೆ? ಬೀಗಕ್ಕೆ ಎಣ್ಣೆ ಹಾಕ್ತಾರಾ ಭಾವ ಯಾರಾದ್ರೂ? ಎಣ್ಣೆಗೆ ಧೂಳು ಅಂಟಿ ಆರು ತಿಂಗಳಿಗೆ ಒಳಗೆಲ್ಲಾ ಗೊಜ್ಜಾಗುತ್ತೆ. ಪೆನ್ಸಿಲ್ ಸೀಸ ಪುಡಿ ಮಾಡಿ ಊದಬೇಕು, ಅಷ್ಟೇ. ಮೂವತ್ತು ವರ್ಷದಲ್ಲಿ ನಾನು ಒಂದು ಬೀಗಕ್ಕೂ ಒಂದು ತೊಟ್ಟು ಎಣ್ಣೆ..."

ಅಷ್ಟಕ್ಕೆ ನಿಂತ.

"ಹೇಳು, ಹೇಳು," ಎಂದರು ಮಾಜಿ.

"ಏನಿಲ್ಲ ಭಾವ."

"ಯಾರು ಅಂತ ಗೊತ್ತಾಯ್ತು ನಿನಗೆ."

"ನನಗೇನು ಗೊತ್ತು," ಎಂದು ಅವನು ಹೋಗಿ ಗೋಡೆಗೆ ಮುಖ ಮಾಡಿ ಕೂತ. ಈ ಮನುಷ್ಯ ತಾನಾಗಿಯೇ ಬಾಯಿ ಮುಚ್ಚಿದ್ದನ್ನು ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಮಾಜಿ ಒಮ್ಮೆಯೂ ನೋಡಿರಲಿಲ್ಲ. ಇಷ್ಟು ಸಾಕಿತ್ತು.

ಕಿರ್ ಎಂದಿದ್ದಕ್ಕೆಲ್ಲ, ಬಿಗಿಯಾಗಿದ್ದಕ್ಕೆಲ್ಲ, ಯೋಚನೆ ಮಾಡದೆ ಎರಡು ತೊಟ್ಟು ಎಣ್ಣೆ ಬಿಡುವ ಕೈ ಈ ಊರಿನಲ್ಲಿ ಒಂದೇ.

*

ಮೆಷಿನಮ್ಮನ ಅಂಗಡಿ ಮಾರ್ಕೆಟ್ ರಸ್ತೆಯ ತಿರುವಿನಲ್ಲಿತ್ತು. ಆಕೆ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಶುಕ್ರವಾರ ನಡೆಯುವ ನಗರಸಭೆ ಚುನಾವಣೆಗೆ ನಿಂತಿದ್ದರು. ಎದುರಾಳಿ ಗೋದಾಮಿನ ಸಾಹುಕಾರರು. ಬಟನ್ ಫ್ಯಾಕ್ಟರಿ ಕೆಡವಿ ಆ ಜಾಗವನ್ನು ಹೊರಗಿನ ಕಂಪನಿಗೆ ದೊಡ್ಡ ಗೋದಾಮಿಗೆ ಕೊಡಬೇಕು ಎಂಬುದು ಅವರ ವಾದ. ಕೆಡವಬಾರದು, ಒಳಗೆ ಗೋಡೆ ಎಬ್ಬಿಸಿ ನಲವತ್ತು ಕೋಣೆ ಮಾಡಿ ಕಸುಬಿನವರಿಗೆ ಬಾಡಿಗೆಗೆ ಕೊಡಬೇಕು ಎಂಬುದು ಈಕೆಯ ವಾದ. ಬೆಂಕಿ ಬಿದ್ದಾಗ ಸಾಹುಕಾರರು ಮುನ್ನೂರು ಜನರ ಮುಂದೆ ಮೈಕು ಹಿಡಿದಿದ್ದರು. ಆ ಕಡೆಗೆ ಬೊಟ್ಟು ಮಾಡುವ ಹಾಗಿರಲಿಲ್ಲ.

ಮಾಜಿ ಒಳಗೆ ಹೋದಾಗ ಮೆಷಿನಮ್ಮ ಒಂದು ಯಂತ್ರವನ್ನು ಬೋರಲು ಹಾಕಿ, ಹೊಟ್ಟೆಯೊಳಗೆ ಸ್ಕ್ರೂಡ್ರೈವರ್ ತೂರಿಸಿದ್ದರು. ಉದ್ದ ಕೊಕ್ಕಿನ ಎಣ್ಣೆಯ ಡಬ್ಬಿ ಮೊಣಕೈಯ ಪಕ್ಕದಲ್ಲೇ ಇತ್ತು.

"ಭಾನುವಾರ ಮಧ್ಯಾಹ್ನ ನೀವು ಎಲ್ಲಿದ್ರಿ ಅಮ್ಮ?"

"ಭಾನುವಾರ ಮಧ್ಯಾಹ್ನ," ಎಂದರು ಆಕೆ ತಲೆ ಎತ್ತದೆ. "ಒಳ್ಳೇ ಪ್ರಶ್ನೆ ಸಾಹೇಬ್ರೆ. ಭಾನುವಾರ ಮಧ್ಯಾಹ್ನ ಈ ರಸ್ತೆಗೆ ಒಂದು ನರಪಿಳ್ಳೆ ಬರಲ್ಲ. ಯಾಕೆ ಗೊತ್ತಾ?"

"ನನಗೆ ಬೇಡ."

"ಹೆಂಗಸರಿಗೆ ಒಂದು ಶೌಚಾಲಯ ಇಲ್ಲ ಈ ಮಾರ್ಕೆಟ್ಟಲ್ಲಿ. ಎರಡು ಅಂಗಡಿ ನೋಡೋಷ್ಟರಲ್ಲಿ ಮನೆಗೆ ಓಡ್ತಾರೆ. ಕೂತ್ಕೊಳ್ಳೋಕೆ ಒಂದು ಬೆಂಚಿಲ್ಲ. ವ್ಯಾಪಾರ ಇಲ್ಲ, ವ್ಯಾಪಾರ ಇಲ್ಲ ಅಂತ ಎಲ್ರೂ ತಲೆ ಮೇಲೆ ಕೈ ಹೊತ್ತು ಕೂತವ್ರೆ. ದೊಡ್ಡ ಕಂಪನಿ ತರ್ತೀವಿ ಅಂತ ಮೂಗಿಗೆ ತುಪ್ಪ ಸವರೋದು ಬಿಟ್ಟು ಮೊದಲು ನಾಲ್ಕು ಶೌಚಾಲಯ ಕಟ್ಟಿಸಿ ಅಂತ ನಾನು..."

"ಅಮ್ಮಾ."

"ಆಸ್ಪತ್ರೆಯ ಬೆಡ್‌ಶೀಟ್ ಹೊಲಿಯೋದು ಎಲ್ಲಿ? ಹೊರಗಿನ ಊರಲ್ಲಿ. ಸ್ಕೂಲ್ ಯೂನಿಫಾರ್ಮು? ಅದೂ ಹೊರಗಿನ ಊರಲ್ಲಿ. ಇಲ್ಲಿ ನೂರಾ ಎಂಬತ್ತು ಹೊಲಿಗೆ ಯಂತ್ರ ಇವೆ ಸಾಹೇಬ್ರೆ, ಒಂದೊಂದನ್ನೂ ನಾನು ಬಿಚ್ಚಿ ನೋಡಿದ್ದೀನಿ. ಕೆಲಸ ಬಲ್ಲ ಕೈ ಇದೆ, ಕೂರೋಕೆ ಜಾಗ ಇಲ್ಲ. ಅದಕ್ಕೇ ಆ ಫ್ಯಾಕ್ಟರಿ..."

"ಆ ಫ್ಯಾಕ್ಟರಿಯ ಹಿಂಬಾಗಿಲ ಬೀಗಕ್ಕೆ ಎಣ್ಣೆ ಬಿಟ್ಟವರು ನೀವು," ಎಂದರು ಮಾಜಿ.

ಸ್ಕ್ರೂಡ್ರೈವರ್ ನಿಂತಿತು.

ಬೆಳಗಿನಿಂದ ಮೊದಲ ಬಾರಿಗೆ ಮಾಜಿಯ ಕಿವಿಗೆ ಸ್ವಲ್ಪ ಆರಾಮ ಸಿಕ್ಕಿತು. ಹೊರಗೆ ಪ್ರಚಾರದ ವಾಹನವೊಂದು ಮೈಕಿನಲ್ಲಿ ಈಕೆಯದೇ ಹೆಸರು ಕೂಗುತ್ತಾ ಹೋಯಿತು.

"ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಬೀಗದವನು ಬೀಗಕ್ಕೆ ಎಣ್ಣೆ ಹಾಕಲ್ಲ. ಹಾಕಿರೋದು ಹೊಲಿಗೆ ಯಂತ್ರದ ಎಣ್ಣೆ."

ಮೆಷಿನಮ್ಮ ಎಣ್ಣೆಯ ಡಬ್ಬಿಯನ್ನೇ ನೋಡಿದರು. "ಬಿಗಿಯಾಗಿತ್ತು," ಎಂದರು ಕೊನೆಗೆ. "ನಿಮ್ಮ ಭಾವಮೈದ ಮುಂದಿನ ಗೇಟಲ್ಲಿ ಕಾವಲುಗಾರ ಇದ್ದಾನಾ ಅಂತ ನೋಡೋಕೆ ಹೋಗಿದ್ರು. ಕೀಲಿ ತಿರುಗಲಿಲ್ಲ. ಡಬ್ಬಿ ಚೀಲದಲ್ಲೇ ಇತ್ತು, ನನಗೆ ಗೊತ್ತಾಗೋ ಮೊದಲೇ ಕೈ ಬಿಟ್ಟಾಗಿತ್ತು."

"ಒಳಗೆ ಯಾಕೆ ಹೋದ್ರಿ?"

"ಅಳತೆ ತಗೊಳ್ಳೋಕೆ. ಸೂರು ಬೀಳುತ್ತೆ, ಇವಳು ನಲವತ್ತು ಕುಟುಂಬಗಳನ್ನ ಕೊಲ್ತಾಳೆ ಅಂತ ಸಾಹುಕಾರರು ಸಭೆಯಲ್ಲಿ ಹೇಳಿದ್ರು. ಮಾಲೀಕರನ್ನ ಕೇಳ್ದೆ, ಒಳಗೆ ಬಿಡಲ್ಲ ಅಂದ್ರು. ಕಣ್ಣಾರೆ ನೋಡದೆ ನಾನು ಜನಕ್ಕೆ ಮಾತು ಹೇಗೆ ಕೊಡ್ಲಿ? ಬಿಚ್ಚಿ ನೋಡದೆ ಒಂದು ಯಂತ್ರಕ್ಕೂ ನಾನು ಸರಿಹೋಗುತ್ತೆ ಅಂತ ಹೇಳಿದವಳಲ್ಲ. ಅದಕ್ಕೆ ಅವರು ಒಂದು ಕೀಲಿ ಮಾಡಿದ್ರು. ಎರಡು ಗಂಟೆಗೆ ಹೋದ್ವಿ, ಮೂರಕ್ಕೆ ಆಚೆ ಬಂದ್ವಿ. ಬೀಗ ಹಾಕಿ ಎಳೆದು ನೋಡಿದ್ದೂ ಅವರೇ."

"ಆಮೇಲೆ?"

"ಇಲ್ಲಿಗೆ ಬಂದ್ವಿ. ಶಟರ್ ಇಳಿಸ್ಕೊಂಡು ನಕ್ಷೆ ಬರೀತಾ ಕೂತಿದ್ವಿ. ನಾಲ್ಕೂಕಾಲಿಗೆ ಫೈರ್ ಎಂಜಿನ್ ಗಂಟೆ ಕೇಳಿಸ್ತು." ಆಕೆ ಗೋಡೆಯ ಕಡೆ ಕೈ ತೋರಿಸಿದರು. ದೊಡ್ಡ ಹಾಳೆಯ ಮೇಲೆ ಕೋಣೆಗಳ ಸಾಲು, ಪ್ರತಿ ಕೋಣೆಯೊಳಗೂ ಅಡಿ ಅಂಗುಲದ ಲೆಕ್ಕ. ಅಕ್ಷರ ಭಾವಮೈದನದೇ. ಹದಿನೇಳನೇ ಕೋಣೆಯಲ್ಲಿ 'ಬೀಗ ರಿಪೇರಿ' ಎಂದು ತನ್ನದನ್ನು ತಾನೇ ಬರೆದುಕೊಂಡಿದ್ದ.

ಅದನ್ನು ನೋಡುತ್ತಿದ್ದಂತೆ ಮಾಜಿಯ ತಾಳ್ಮೆ ಕೈಕೊಟ್ಟಿತು.

"ಹಾಗಾದ್ರೆ ಬೆಂಕಿ ಬಿದ್ದಾಗ ಅವನು ನಿಮ್ಮ ಕಣ್ಣ ಮುಂದೆ ಇದ್ದ. ಅವನು ಹಚ್ಚಿಲ್ಲ ಅಂತ ನಿಮಗೆ ಗೊತ್ತು. ನಿನ್ನೆ ಸಂಜೆಯಿಂದ ಅವನು ಲಾಕಪ್ಪಲ್ಲಿ ಕೂತಿದ್ದಾನೆ. ನೀವು ಇಲ್ಲಿ ಬಾಬಿನ್ ಸರಿ ಮಾಡ್ತಿದ್ದೀರಿ."

"ಅವರೇ ಹೇಳಿದ್ದು, ಬಾಯಿ ಬಿಡಬೇಡಿ ಅಂತ. ಪೊಲೀಸರು ಬಂದಾಗ ನಾನು ಅಲ್ಲೇ ರಸ್ತೆಯಲ್ಲಿದ್ದೆ. ಜೀಪ್ ಹತ್ತೋವಾಗ ಕಿವಿಯಲ್ಲಿ ಹೇಳಿ ಹೋದ್ರು. ಶುಕ್ರವಾರದ ತನಕ ತಾನೇ, ನಾಲ್ಕು ದಿನ ಕೂತರೆ ನನ್ನ ಗಂಟೇನು ಹೋಗುತ್ತೆ ಅಂದ್ರು. ನಾನು ಬೀಗ ತೆಗೆಸಿ ಒಳಗೆ ಹೋಗಿದ್ದೆ ಅಂತ ಗೊತ್ತಾದ್ರೆ ಸಾಹುಕಾರರು ಬಿಡ್ತಾರಾ? ಬೆಂಕಿ ಹಚ್ಚಿದವಳೂ ಇವಳೇ ಅಂತಾರೆ. ಆ ನಲವತ್ತು ಕೋಣೆ ಅಲ್ಲಿಗೆ ಮುಗೀತು. ನನ್ನ ಒಬ್ಬಳ ವಿಷಯ ಅಲ್ಲ ಸಾಹೇಬ್ರೆ, ಈ ಊರು..."

"ಊರು ಹಾಳಾಗಿ ಹೋಗ್ಲಿ," ಎಂದರು ಮಾಜಿ. "ಕಾವಲುಗಾರ ಸಾಯೋ ಸ್ಥಿತಿಯಲ್ಲಿದ್ದಾನೆ. ಇವತ್ತು ದಾಟೋದು ಕಷ್ಟ ಅಂತೆ. ಅವನು ಸತ್ತರೆ ಇದು ಕೊಲೆ. ನಾಲ್ಕು ದಿನ ಅಲ್ಲ, ನಿಮ್ಮ ಬೀಗದವನು ಜೀವಮಾನ ಪೂರ್ತಿ ಒಳಗೆ ಕೂರ್ತಾನೆ. ಊರಿನವರಿಗೆಲ್ಲಾ ಕೆಲಸ ಕೊಡೋಕೆ ಹೊರಟಿದ್ದೀರಲ್ಲ, ಇರೋ ಒಬ್ಬ ಕೆಲಸಗಾರನನ್ನ ಮೊದಲು ಉಳಿಸ್ಕೊಳ್ಳಿ."

ಮೆಷಿನಮ್ಮನ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಡಲು ಹೋಗಿ ನೆಲಕ್ಕೆ ಬೀಳಿಸಿದರು.

"ಸಣ್ಣ ಗಾಯ ಅಂದಿದ್ರು," ಎಂದರು. "ಕಾಲಿಗೆ ಪೆಟ್ಟು ಅಂತ ಅಷ್ಟೇ ಹೇಳಿದ್ರು ನನಗೆ."

"ಯಾರು?"

"ಎಲ್ರೂ."

ಆಕೆ ಎದ್ದು ಮೂಲೆಯ ನಲ್ಲಿಯಲ್ಲಿ ಕೈ ತೊಳೆದರು. ಎರಡು ಸಲ ಸೋಪು ಹಚ್ಚಿದರು. ಮಾಜಿ ಗಡಿಯಾರ ನೋಡಿದರು, ಮೂರು ಗಂಟೆ ಐದು ನಿಮಿಷ. ಬೈದು ಹೊರಡಿಸಬೇಕು ಎನ್ನಿಸಿತು, ಬಾಯಿ ಬರಲಿಲ್ಲ. ಹತ್ತು ವರ್ಷ ಮನೆಮನೆಗೆ ತಿರುಗಿ ಕಟ್ಟಿದ್ದನ್ನೆಲ್ಲ ಈಕೆ ಒಂದು ಸಹಿಯಲ್ಲಿ ಕಳೆದುಕೊಳ್ಳುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಮೆಷಿನಮ್ಮ ಗೋಡೆಯಿಂದ ನಕ್ಷೆ ಕಿತ್ತು ಸುರುಳಿ ಸುತ್ತಿದರು.

"ಇದೂ ಬೇಕಾಗುತ್ತಲ್ಲ ಸಾಕ್ಷಿಗೆ?"

"ಬೇಕು."

"ನಡೀರಿ."

ದಾರಿಯಲ್ಲಿ ಆಕೆ ಒಂದೇ ಒಂದು ಸಲ ಬಾಯಿ ತೆರೆದರು. "ಸೂರು ಗಟ್ಟಿಯಾಗಿತ್ತು ಸಾಹೇಬ್ರೆ," ಎಂದರು. "ಒಂದು ತೊಲೆಯೂ ಕೊಳೆತಿರಲಿಲ್ಲ."

ಮಾಜಿಯ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಮೂರು ಗಂಟೆಗೆ ಎಳೆದು ನೋಡಿ ಹಾಕಿದ ಬೀಗ ನಾಲ್ಕು ಗಂಟೆಗೆ ತೆರೆದಿತ್ತು. ಕಾವಲುಗಾರನ ಕೀಲಿ ಅವನ ಸೊಂಟದಲ್ಲೇ ಇತ್ತು, ಮಾಲೀಕರದು ಅವರ ಬೀರುವಿನಲ್ಲಿತ್ತು. ಉಳಿದದ್ದು ಭಾವಮೈದ ಹೊಸದಾಗಿ ಮಾಡಿದ ಕೀಲಿ. ನಿನ್ನೆ ಅವನ ಜೇಬು, ಮನೆ, ಅಂಗಡಿ ಎಲ್ಲ ತಡಕಾಡಿದರೂ ಅದು ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ಇರಲಿ, ಮೊದಲು ಜೀಪು ನಿಲ್ಲಿಸಬೇಕು. ಕೀಲಿಯ ವಿಷಯ ಆ ಪುಣ್ಯಾತ್ಮ ಹೊರಗೆ ಬಂದ ಮೇಲೆ ಕಿವಿ ಹಿಂಡಿ ಕೇಳಿದರಾಯಿತು.

*

ಠಾಣೆ ಮುಟ್ಟಿದಾಗ ಮೂರೂವರೆ. ಮಾಜಿ ಮೆಷಿನಮ್ಮನನ್ನು ಸೀದಾ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ತಂದು ನಿಲ್ಲಿಸಿದರು.

"ಪೇಪರ್ ತಗೋ. ಇವರ ಹೇಳಿಕೆ ಬರ್ಕೊ. ಬೆಂಕಿ ಬಿದ್ದಾಗ ಅವನು ಇವರ ಅಂಗಡಿಯಲ್ಲಿದ್ದ."

ಇನ್‌ಸ್ಪೆಕ್ಟರ್ ಎದ್ದು ನಿಂತ. ಪೆನ್ನು ಮಾತ್ರ ಎತ್ತಿಕೊಳ್ಳಲಿಲ್ಲ.

"ಸಾರ್, ಕೂತ್ಕೊಳ್ಳಿ."

"ಕೂರೋಕೆ ಪುರುಸೊತ್ತಿಲ್ಲ ಕಣಯ್ಯ, ಬರ್ಕೊ."

"ಬರ್ಕೋತೀನಿ ಸಾರ್. ಆದ್ರೆ ಅವರು ಒಪ್ಪಿಕೊಂಡುಬಿಟ್ರು. ಅರ್ಧ ಗಂಟೆ ಆಯ್ತು. ತಾವೇ ಕರೆದು, ಬೆಂಕಿ ಹಚ್ಚಿದ್ದು ನಾನೇ, ಒಬ್ಬನೇ ಹಚ್ಚಿದೆ ಅಂದ್ರು. ಕೋರ್ಟಲ್ಲೂ ಇದೇ ಹೇಳ್ತೀನಿ ಅಂದ್ರು." ಅವನು ಒಂದು ಹಾಳೆ ಮುಂದೆ ತಳ್ಳಿದ. ಕೆಳಗೆ ಭಾವಮೈದನ ಸಹಿ.

"ಸುಳ್ಳು," ಎಂದರು ಮೆಷಿನಮ್ಮ. "ಶುದ್ಧ ಸುಳ್ಳು. ಅವರು ನನ್ನ ಎದುರಿಗಿದ್ರು."

"ನೀವು ಅವರ ಪಕ್ಷದವರು ಅಮ್ಮ. ನಿಮ್ಮ ಮಾತನ್ನ ಕೋರ್ಟು ನಂಬಬೇಕಾ, ಅವರ ಮಾತನ್ನ ನಂಬಬೇಕಾ?"

ಮಾಜಿ ಅಷ್ಟರಲ್ಲಿ ಲಾಕಪ್ಪಿನ ಮುಂದೆ ಇದ್ದರು. ಈ ಜನ್ಮದಲ್ಲಿ ಯಾರ ಮೇಲೂ ಬಾರದಷ್ಟು ಸಿಟ್ಟು ಬಂದಿತ್ತು.

ಭಾವಮೈದ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಊಟದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯಾ? ಊರೆಲ್ಲಾ ಅಲೆದು, ಆ ಹೆಂಗಸಿನ ಹೊಟ್ಟೆ ಉರಿಸಿ, ಸಾಕ್ಷಿ ಕರ್ಕೊಂಡು ಬಂದಿದ್ದೀನಿ. ಕಾವಲುಗಾರ ಸತ್ತರೆ ಇದು ಕೊಲೆ ಕೇಸು, ಗೊತ್ತಾ?"

"ಗೊತ್ತು ಭಾವ. ಇನ್‌ಸ್ಪೆಕ್ಟರು ಹೇಳಿದ್ರು."

"ನೀನು ಹಚ್ಚಿಲ್ಲ."

"ಇಲ್ಲ."

"ಮತ್ತೆ ಯಾಕಯ್ಯಾ ಸಹಿ ಹಾಕಿದೆ? ಯಾರನ್ನ ಉಳಿಸೋಕೆ? ಆಯಮ್ಮ ಆಗಲೇ ಬಂದು ನಿಂತಿದ್ದಾರೆ, ಎಲ್ಲಾ ಹೇಳ್ತಿದ್ದಾರೆ. ಇನ್ನು ಯಾರಿದ್ದಾರೆ?"

ಹೊರಗೆ ಜೀಪು ಸ್ಟಾರ್ಟ್ ಆಯಿತು. ಭಾವಮೈದ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು.

"ನಮ್ಮಕ್ಕ ಊಟ ತಂದಿದ್ಲು ಭಾವ," ಎಂದ. "ಭಾನುವಾರ ಫ್ಯಾಕ್ಟರಿಯಿಂದ ಬರ್ತಾ ಆ ಕೀಲಿ ಅವಳ ಕೈಗೇ ಕೊಟ್ಟಿದ್ದೆ. ಒಪ್ಕೊಂಡುಬಿಡು ಅಂತ ಕಂಬಿಯೊಳಗೆ ಕೈ ಹಾಕಿ ನನ್ನ ಕಾಲು ಹಿಡ್ಕೊಂಡ್ಲು."